ಒಂದೇ ದಿನ ಬಂದ ಎರಡು ವರದಿ

2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯ ಇಲಾಖೆ ಎರಡು ವರದಿಗಳನ್ನು ಒಟ್ಟಿಗೆ ಹೊರಗೆ ಬಿಟ್ಟಿತು. ಎರಡೂ ಮಿಸೌರಿ ರಾಜ್ಯದ ಫರ್ಗ್ಯುಸನ್ ಎಂಬ ಪುಟ್ಟ ಊರಿನ ಬಗ್ಗೆ. ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಗುಂಡಿಕ್ಕಿ ಕೊಂದ ಬಿಳಿಯ ಪೊಲೀಸ್ ಡ್ಯಾರೆನ್ ವಿಲ್ಸನ್ ಮೇಲೆ ಕೇಸು ಹಾಕಲು ಆಧಾರ ಸಾಲದು ಎಂದಿತು ಒಂದು ವರದಿ. ವಿಲ್ಸನ್ ಕೆಲಸ ಮಾಡುತ್ತಿದ್ದ ಅದೇ ಪೊಲೀಸ್ ಇಲಾಖೆ ವರ್ಷಗಟ್ಟಲೆ ಕಪ್ಪು ಜನರ ಹಕ್ಕುಗಳನ್ನು ತುಳಿಯುತ್ತಾ ಬಂದಿದೆ ಎಂದಿತು ಇನ್ನೊಂದು.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಅರ್ಧ ಜನ ಮೊದಲನೆಯದರ ಸುದ್ದಿ ಹಾಕಿದರು. ಮಿಕ್ಕವರು ಎರಡನೆಯದರ ಸುದ್ದಿ ಹಾಕಿದರು. ಎರಡನ್ನೂ ಹಾಕಿದವರು ಯಾರೂ ಇರಲಿಲ್ಲ. ಒಂದೇ ಇಲಾಖೆ, ಒಂದೇ ದಿನ, ಅದೇ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್. ಒಂದನ್ನು ನಂಬಿದವರಿಗೆ ಇನ್ನೊಂದು ಮಾತ್ರ ರಾಜಕೀಯವಾಗಿ ಕಂಡಿತು.

ನಾವಿದ್ದದ್ದು ಅದೇ ರಾಜ್ಯದ ಸೇಂಟ್ ಲೂಯಿಸ್ ನಗರದ ಪಶ್ಚಿಮದ ಕಡೆ. ದೇವಸ್ಥಾನ, ಇಂಡಿಯನ್ ಅಂಗಡಿ, ಹೆಸರು ಮಾಡಿದ ಸ್ಕೂಲುಗಳು ಎಲ್ಲ ಆ ಕಡೆಯೇ. ಫರ್ಗ್ಯುಸನ್ ಉತ್ತರಕ್ಕಿದೆ, ಏರ್‌ಪೋರ್ಟಿನ ಹತ್ತಿರ. ಕಾರಿನಲ್ಲಿ ಅರ್ಧ ಗಂಟೆ. ಎಮರ್ಸನ್ ಕಂಪನಿಯ ಹೆಡ್ಡಾಫೀಸು ಅಲ್ಲಿತ್ತು. ಹಾಗಾಗಿ ನಮ್ಮವರಲ್ಲಿ ಕೆಲವರು ದಿನಾ ಹೋಗಿ ಬರುತ್ತಿದ್ದರು. ಹೋಗಿ ಬರುತ್ತಿದ್ದರು ಅಷ್ಟೇ. ಹೈವೇ ಇಳಿದರೆ ಆಫೀಸಿನ ಗೇಟು, ಸಂಜೆ ಗೇಟು ದಾಟಿದರೆ ಮತ್ತೆ ಹೈವೇ. ಆ ಕಾಂಪೌಂಡ್ ಇದ್ದ ವೆಸ್ಟ್ ಫ್ಲೋರಿಸಾಂಟ್ ರಸ್ತೆಯಲ್ಲೇ ಮುಂದೆ ಅಶ್ರುವಾಯು ಸಿಡಿದದ್ದು, ಯುದ್ಧಕ್ಕೆ ಬಳಸುವಂಥ ಗಾಡಿಗಳ ಮೇಲೆ ಪೊಲೀಸರು ಬಂದೂಕು ಹಿಡಿದು ಕೂತದ್ದು. ಅಲ್ಲಿಯವರೆಗೆ ನಮಗೆ ಅದು ಆಫೀಸಿಗೆ ಹೋಗುವ ದಾರಿ ಮಾತ್ರ.

ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2014ರ ಆಗಸ್ಟ್ 9, ಶನಿವಾರ ಮಧ್ಯಾಹ್ನ. ಬ್ರೌನ್ ಮತ್ತು ಅವನ ಗೆಳೆಯ ರಸ್ತೆಯ ಮಧ್ಯದಲ್ಲಿ ನಡೆದು ಹೋಗುತ್ತಿದ್ದರು. ಪಕ್ಕಕ್ಕೆ ಹೋಗಿ ಎಂದು ವಿಲ್ಸನ್ ಗಾಡಿಯೊಳಗಿಂದಲೇ ಹೇಳಿದ. ಸ್ವಲ್ಪ ಹೊತ್ತಿನ ಮುಂಚೆ ಬ್ರೌನ್ ಹತ್ತಿರದ ಅಂಗಡಿಯಿಂದ ಸಿಗರಿಲ್ಲೋ ಎಂಬ ಸಣ್ಣ ಚುಟ್ಟಾಗಳನ್ನು ಎತ್ತಿಕೊಂಡು, ತಡೆಯಲು ಬಂದವರನ್ನು ತಳ್ಳಿ ಹೊರಗೆ ಬಂದಿದ್ದ. ಪೊಲೀಸ್ ಗಾಡಿಯ ಕಿಟಕಿಯಲ್ಲಿ ಇಬ್ಬರಿಗೂ ಕಿತ್ತಾಟವಾಯಿತು. ಒಳಗಿಂದಲೇ ಎರಡು ಗುಂಡು ಹಾರಿತು. ಬ್ರೌನ್ ಓಡಿದ. ವಿಲ್ಸನ್ ಇಳಿದು ಬೆನ್ನಟ್ಟಿದ. ಬ್ರೌನ್ ತಿರುಗಿದ. ಒಟ್ಟು 12 ಗುಂಡು. ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಹುಡುಗನ ಕೈಯಲ್ಲಿ ಆಯುಧ ಇರಲಿಲ್ಲ, ಪೊಲೀಸಿನ ಮೈಮೇಲೆ ಕ್ಯಾಮೆರಾ ಇರಲಿಲ್ಲ. ಹೆಣ ನಡು ರಸ್ತೆಯಲ್ಲಿ, ಸುತ್ತಲಿನ ಮನೆಗಳವರ ಕಣ್ಣೆದುರಿಗೆ, ನಾಲ್ಕು ಗಂಟೆ ಬಿದ್ದಿತ್ತು.

ಆ ನಾಲ್ಕು ಗಂಟೆಯೇ ಊರಿಗೆ ಬೆಂಕಿ ಹಚ್ಚಿತು ಅಂತ ನನಗೆ ಈಗಲೂ ಅನಿಸುತ್ತದೆ. ಗುಂಡು ಹಾರಿದ್ದು ಸರಿಯೋ ತಪ್ಪೋ ಎಂದು ಬೇಕಾದಷ್ಟು ವಾದ ಮಾಡಬಹುದು. ಮಗನ ಹತ್ತಿರ ಹೋಗಲು ತಾಯಿಗೆ ಬಿಡದೆ ಮಧ್ಯಾಹ್ನವಿಡೀ ರಸ್ತೆಗೆ ಅಡ್ಡಲಾಗಿ ಹಳದಿ ಟೇಪು ಕಟ್ಟಿದ್ದಕ್ಕೆ ಏನಂತ ವಾದ ಮಾಡುವುದು?

ನಮ್ಮ ಗುಂಪಿನಲ್ಲಿ ಮೊದಲು ಮರುಕ ಹುಟ್ಟಿದ್ದು ಮಾತ್ರ ಅಂಗಡಿಯ ಬಗ್ಗೆ. ಅದನ್ನು ನಡೆಸುತ್ತಿದ್ದವರು ಭಾರತೀಯ ಮೂಲದವರು. ಗಲಾಟೆಯಲ್ಲಿ ಅಂಗಡಿ ಲೂಟಿಯಾಯಿತು. "ಪಾಪ, ನಮ್ಮವರು ಕಣ್ರೀ" ಎಂಬ ಮೆಸೇಜು ಸುಮಾರು ಸಲ ಓಡಾಡಿತು. ಅದೇನೂ ತಪ್ಪಲ್ಲ. ಕಷ್ಟಪಟ್ಟು ಕಟ್ಟಿದ ಅಂಗಡಿ. ಆದರೆ ಸತ್ತ ಹುಡುಗನ ಬಗ್ಗೆ ಒಂದು 'ಪಾಪ' ಬರಲು ಎರಡು ದಿನ ಹಿಡಿಯಿತು. ಅದು ಬಂದ ಕೂಡಲೇ ಜಗಳವೂ ಶುರುವಾಯಿತು.

ಒಂದು ಕಡೆಯವರು ಅಂದರು, "ಕೈ ಎತ್ತಿ ಶರಣಾಗಿದ್ದವನನ್ನು ಕೊಂದರು." ಇನ್ನೊಂದು ಕಡೆಯವರು ಅಂದರು, "ಕಳ್ಳತನ ಮಾಡಿ ಪೊಲೀಸಿನ ಮೇಲೇ ಕೈ ಮಾಡಿದವನಿಗೆ ಇನ್ನೇನಾಗುತ್ತೆ?" ಗುಂಪಿನ ಹಿರಿಯರೊಬ್ಬರು, ಮೈಸೂರಿನವರು, ಎಲ್ಲರೂ ಸಾರ್ ಎಂದೇ ಕರೆಯುವವರು, "ಸಾಕ್ಷಿ ಬರಲಿ, ಅಲ್ಲಿಯವರೆಗೆ ಯಾರೂ ತೀರ್ಪು ಕೊಡಬೇಡಿ" ಎಂದು ಬರೆದರು. ಒಳ್ಳೆಯ ಮಾತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನವೆಂಬರ್ 24ರ ರಾತ್ರಿ ಗ್ರ್ಯಾಂಡ್ ಜ್ಯೂರಿ, ಅಂದರೆ ಕೇಸು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಮಂಡಳಿ, ವಿಲ್ಸನ್ ಮೇಲೆ ಕೇಸು ಬೇಡ ಎಂದಿತು. ಫರ್ಗ್ಯುಸನ್ನಿನಲ್ಲಿ ಅಂಗಡಿಗಳು ಉರಿದವು. ಗುಂಪಿನಲ್ಲಿ ಇಬ್ಬರು ಎಕ್ಸಿಟ್ ಆದರು. ಮಾರ್ಚಿನಲ್ಲಿ ವರದಿಗಳು ಬಂದವು.

ಮೊದಲ ವರದಿ ಓದಿದರೆ, ಕೈ ಎತ್ತಿದ್ದ ಎಂಬ ಮಾತು ನಿಲ್ಲುವುದಿಲ್ಲ. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ. ಕಾರಿನೊಳಗೆ ಬ್ರೌನ್‌ನ ಡಿಎನ್‌ಎ ಸಿಕ್ಕಿತ್ತು. ಅವನು ಓಡಿದವನು ಮರಳಿ ಪೊಲೀಸಿನ ಕಡೆ ಬಂದಿದ್ದ ಎಂಬುದಕ್ಕೆ ರಸ್ತೆಯ ಮೇಲಿನ ರಕ್ತ ಸಾಕ್ಷಿಯಾಗಿತ್ತು. ಕೈ ಎತ್ತಿದ್ದನ್ನು ಕಂಡೆವು ಎಂದವರಲ್ಲಿ ಕೆಲವರು ಆಮೇಲೆ ಮಾತು ಬದಲಿಸಿದರು, ಕೆಲವರು ತಾವು ನೋಡಿಯೇ ಇರಲಿಲ್ಲ ಎಂದರು. ವಿಲ್ಸನ್ ಪರ ಮಾತಾಡಿದ ಸಾಕ್ಷಿಯೊಬ್ಬರ ಮಾತನ್ನೂ ನಂಬಲಾಗದು ಎಂದು ಬದಿಗಿಟ್ಟಿದ್ದಾರೆ. ಕೂತು ಕೂತು ಅಗೆದಿರುವ ತನಿಖೆ ಅದು. 2018ರಲ್ಲಿ ಫರ್ಗ್ಯುಸನ್ ಸೇರಿದ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಹೊಸ ಪ್ರಾಸಿಕ್ಯೂಟರ್ ಆಗಿ ವೆಸ್ಲಿ ಬೆಲ್ ಆರಿಸಿ ಬಂದರು. ಕಪ್ಪು ಸಮುದಾಯದವರು, ಅದೇ ಫರ್ಗ್ಯುಸನ್ನಿನ ಕೌನ್ಸಿಲಿನಲ್ಲಿ ಇದ್ದವರು. ಹಳೆಯ ಪ್ರಾಸಿಕ್ಯೂಟರನ್ನು ಸೋಲಿಸಿದ್ದೇ ಅವರು. ಅವರೂ ಫೈಲನ್ನು ಮತ್ತೆ ಮೊದಲಿಂದ ನೋಡಿ, 2020ರ ಜುಲೈನಲ್ಲಿ, ಕೇಸು ಹಾಕುವಷ್ಟು ಸಾಕ್ಷ್ಯ ಇಲ್ಲ ಎಂದರು.

ಎರಡನೆಯ ವರದಿ ಬೇರೆಯೇ ಲೋಕ. ನನಗೆ ಅದನ್ನು ಒಂದೇ ಸಲಕ್ಕೆ ಓದಿ ಮುಗಿಸಲು ಆಗಲಿಲ್ಲ.

ಫರ್ಗ್ಯುಸನ್ನಿನ ಜನಸಂಖ್ಯೆ ಸುಮಾರು 21,000. ಅದರಲ್ಲಿ ಕಪ್ಪು ಜನ 67 ಶೇಕಡಾ. 50ಕ್ಕೂ ಹೆಚ್ಚಿದ್ದ ಪೊಲೀಸರಲ್ಲಿ ಕಪ್ಪು ಜನ ಮೂರೋ ನಾಲ್ಕೋ. 2012ರಿಂದ 2014ರವರೆಗೆ ನಿಲ್ಲಿಸಿದ ವಾಹನಗಳಲ್ಲಿ 85 ಶೇಕಡಾ ಕಪ್ಪು ಜನರವು. ಬರೆದ ಚಲನ್‌ಗಳಲ್ಲಿ 90, ಬಂಧನಗಳಲ್ಲಿ 93 ಶೇಕಡಾ ಅವರ ಪಾಲು. ನಾಯಿ ಬಿಟ್ಟು ಕಚ್ಚಿಸಿದ ಪ್ರಕರಣಗಳಲ್ಲಿ ಕಚ್ಚಿಸಿಕೊಂಡವರ ಬಣ್ಣ ದಾಖಲಾಗಿದ್ದ ಕಡೆಯೆಲ್ಲ ಅವರು ಕಪ್ಪು ಜನರೇ. ಒಬ್ಬರೂ ಬಿಳಿಯರಿಲ್ಲ.

"ಅವರೇ ಜಾಸ್ತಿ ತಪ್ಪು ಮಾಡ್ತಾರೆ, ಅದಕ್ಕೇ ಜಾಸ್ತಿ ಸಿಕ್ಕಿಬೀಳ್ತಾರೆ" ಎಂದು ಗುಂಪಿನಲ್ಲಿ ಉತ್ತರ ಬಂತು. ಕೇಳಬೇಕಾದ ಪ್ರಶ್ನೆಯೇ. ವರದಿಯಲ್ಲಿ ಅದಕ್ಕೂ ಉತ್ತರ ಇದೆ. ಗಾಡಿ ನಿಲ್ಲಿಸಿದ ಮೇಲೆ ಕಪ್ಪು ಚಾಲಕರ ಕಾರನ್ನು ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಲ ಜಾಲಾಡುತ್ತಿದ್ದರು. ಆದರೆ ಜಾಲಾಡಿದಾಗ ಅವರ ಬಳಿ ಕದ್ದ ಮಾಲೋ ಗಾಂಜಾವೋ ಸಿಗುವ ಸಾಧ್ಯತೆ ಬಿಳಿಯರಿಗಿಂತ 26 ಶೇಕಡಾ ಕಡಿಮೆ ಇತ್ತು. ತಪ್ಪಿನ ಸುಳಿವು ಹಿಡಿದು ಹುಡುಕಿದ್ದರೆ ಲೆಕ್ಕ ಹೀಗೆ ಬರುವುದಿಲ್ಲ. ಬಿಳಿಯರನ್ನು ಹುಡುಕುವಾಗ ಪೊಲೀಸರಿಗೆ ಕಾರಣ ಬೇಕಿತ್ತು. ಕಪ್ಪು ಜನರಿಗೆ ಅಷ್ಟು ಬೇಕಿರಲಿಲ್ಲ.

ಇದರ ಹಿಂದೆ ಇದ್ದದ್ದು ದ್ವೇಷ ಒಂದೇ ಅಲ್ಲ, ದುಡ್ಡು. ಊರಿನ ಆಡಳಿತ ದಂಡದ ಹಣವನ್ನು ಬಜೆಟ್ಟಿನಲ್ಲೇ ಆದಾಯ ಎಂದು ಬರೆದುಕೊಳ್ಳುತ್ತಿತ್ತು. 2015ರ ಬಜೆಟ್ಟಿನಲ್ಲಿ ಸುಮಾರು 1.3 ಕೋಟಿ ಡಾಲರ್ ಆದಾಯದಲ್ಲಿ 30 ಲಕ್ಷಕ್ಕೂ ಹೆಚ್ಚು ದಂಡ ಮತ್ತು ಕೋರ್ಟು ಶುಲ್ಕದಿಂದಲೇ ಬರಬೇಕು ಎಂದು ಇಟ್ಟಿದ್ದರು. ಅಂದರೆ ಇಷ್ಟು ಜನ ತಪ್ಪು ಮಾಡಲೇಬೇಕು ಅಂತ ವರ್ಷದ ಮೊದಲೇ ತೀರ್ಮಾನ. ಆ ಒಂದು ಕೌಂಟಿಯಲ್ಲಿ ಸುಮಾರು 90 ಪುಟ್ಟ ಊರುಗಳು, ಎಷ್ಟೋ ಊರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕೋರ್ಟು. ನಾವು ದೇವಸ್ಥಾನಕ್ಕೆ ಹೋಗುವಾಗ ಎಷ್ಟು ಊರು ದಾಟುತ್ತೇವೆ ಅಂತ ಯಾರೂ ಎಣಿಸಿರಲಿಲ್ಲ. ಎಣಿಸುವ ಅಗತ್ಯ ನಮಗೆ ಬಿದ್ದಿರಲಿಲ್ಲ.

ವರದಿಯಲ್ಲಿ ಒಬ್ಬ ಹೆಂಗಸಿನ ಕಥೆ ಇದೆ. 2007ರಲ್ಲಿ ಕಾರನ್ನು ತಪ್ಪಾಗಿ ನಿಲ್ಲಿಸಿದ್ದಕ್ಕೆ 151 ಡಾಲರ್ ದಂಡ, ಮೇಲೆ ಶುಲ್ಕ. ಬಡವಳು, ಆಗಾಗ ಮನೆಯೂ ಇಲ್ಲದವಳು. ಕೋರ್ಟಿಗೆ ಬರಲಿಲ್ಲ ಎಂದು ಅದರ ಮೇಲೆ ದಂಡದ ಮೇಲೆ ದಂಡ. ಎರಡು ಸಲ ಬಂಧನ, ಆರು ದಿನ ಜೈಲು. ಇಪ್ಪತ್ತೈದೋ ಐವತ್ತೋ ಡಾಲರ್ ಕಟ್ಟಲು ಬಂದರೆ, ಪೂರ್ತಿ ಕಟ್ಟು ಎಂದು ವಾಪಸ್ ಕಳಿಸಿದ್ದೂ ಉಂಟು. 2014ರ ಡಿಸೆಂಬರ್ ಹೊತ್ತಿಗೆ ಅವಳು ಕಟ್ಟಿದ್ದು 550 ಡಾಲರ್, ಇನ್ನೂ ಬಾಕಿ 541.

ಇನ್ನೊಬ್ಬ 2012ರ ಬೇಸಿಗೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಪಾರ್ಕಿನ ಪಕ್ಕ ನಿಂತಿದ್ದ ಕಾರಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದ. ಪೊಲೀಸ್ ಬಂದು, ಮಕ್ಕಳ ಮೇಲೆ ಕಣ್ಣು ಹಾಕಲು ಕೂತಿದ್ದೀಯ ಎಂದ. ಕೊನೆಗೆ ಎಂಟು ಕೇಸು ಜಡಿದ. ನಿಂತ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಲ್ಲ ಎಂಬುದು ಒಂದು. ಮೈಕಲ್ ಎನ್ನುವ ಬದಲು ಮೈಕ್ ಎಂದು ಹೇಳಿ ಸುಳ್ಳು ಹೆಸರು ಕೊಟ್ಟ ಎಂಬುದು ಇನ್ನೊಂದು. ಆ ಕೇಸುಗಳಿಂದ ಅವನು ಕೆಲಸ ಕಳೆದುಕೊಂಡ. ಶ್ರೀನಿವಾಸ ಅನ್ನುವವರು ಸೀನ ಅಂತ ಹೇಳಿ ಕೆಲಸ ಕಳೆದುಕೊಂಡ ಹಾಗೆ.

ಫರ್ಗ್ಯುಸನ್ನಿನಲ್ಲಿ ರಸ್ತೆಯಲ್ಲಿ ನಡೆಯುವ ರೀತಿ ಸರಿಯಿಲ್ಲ ಎಂಬುದಕ್ಕೂ ಒಂದು ಕೇಸಿತ್ತು. ಆ ಕೇಸು ಬಿದ್ದವರಲ್ಲಿ 95 ಶೇಕಡಾ ಕಪ್ಪು ಜನ. ಬ್ರೌನ್ ಮತ್ತು ವಿಲ್ಸನ್ ನಡುವಿನ ಮೊದಲ ಮಾತು ಯಾವುದರ ಬಗ್ಗೆ ಶುರುವಾಯಿತು ಎಂದು ಇಲ್ಲಿ ನೆನಪಿಸಿಕೊಳ್ಳಬೇಕು. ರಸ್ತೆಯ ಮಧ್ಯ ನಡೆಯುವುದರ ಬಗ್ಗೆ.

ವಾದಗಳು ಹಳಿ ತಪ್ಪುವುದು ಇಲ್ಲೇ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ನಾವು ಒಂದು ಗುಂಡಿನ ಪ್ರಕರಣವನ್ನು ಆ ಅಗುಳು ಮಾಡಿಕೊಂಡಿದ್ದೆವು. ವಿಲ್ಸನ್ ತಪ್ಪಿತಸ್ಥನಾದರೆ ಇಡೀ ಪೊಲೀಸ್ ವ್ಯವಸ್ಥೆ ಪೂರ್ವಗ್ರಹದ್ದು, ಅವನು ಬಿಡುಗಡೆಯಾದರೆ ಪೂರ್ವಗ್ರಹ ಅನ್ನುವುದೇ ಸುಳ್ಳು. ಎರಡು ಕಡೆಯವರೂ ಒಪ್ಪಿಕೊಂಡಿದ್ದ ನಿಯಮ ಇದು. ಜಗಳ ಇದ್ದದ್ದು ಅಗುಳಿನ ಬಗ್ಗೆ ಮಾತ್ರ. ಆದರೆ ಒಬ್ಬ ಮನುಷ್ಯ ಆ ಕೆಲವು ಕ್ಷಣಗಳಲ್ಲಿ ಏನು ಮಾಡಿದ ಎಂಬುದಕ್ಕೆ ರಕ್ತ, ಗುಂಡು, ಸಾಕ್ಷಿ ಬೇಕು. ಒಂದು ಊರು ಹತ್ತು ವರ್ಷ ಏನು ಮಾಡಿತು ಎಂಬುದಕ್ಕೆ ಚಲನ್ ಪುಸ್ತಕ, ಬಜೆಟ್, ಇಮೇಲ್ ಬೇಕು. ಒಂದರ ಉತ್ತರದಿಂದ ಇನ್ನೊಂದರ ಉತ್ತರ ಹುಟ್ಟುವುದಿಲ್ಲ. ನ್ಯಾಯ ಇಲಾಖೆ ಎರಡು ಬೇರೆ ಬೇರೆ ಕಡತ ಮಾಡಿದ್ದು ಸುಮ್ನೆ ಅಲ್ಲ.

"ಹಾಗಾದ್ರೆ ವಿಲ್ಸನ್‌ಗೆ ಪೂರ್ವಗ್ರಹ ಇತ್ತೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ" ಎಂದು ಸಾರ್ ನನ್ನನ್ನು ಕೇಳಿದ್ದರು. ಒಂದೇ ಮಾತಲ್ಲಿ ಆಗುವುದಿಲ್ಲ ಸಾರ್ ಎಂದೆ. ಅವನ ತಲೆಯೊಳಗೆ ಏನಿತ್ತು ಎಂದು ಅಳೆಯಲು ಯಾವ ವರದಿಯೂ ಹೋಗಿಲ್ಲ. ಕೋರ್ಟಿನಲ್ಲಿ ನಿಲ್ಲುವ ಕೇಸು ಇಲ್ಲ ಎನ್ನುವುದು ಸಾಬೀತಾಗಿದೆ. ಆ ಊರಲ್ಲಿ ಒಬ್ಬ ಕಪ್ಪು ಹುಡುಗ, ಒಬ್ಬ ಬಿಳಿಯ ಪೊಲೀಸ್ ಎದುರಾದಾಗ ಇಬ್ಬರ ತಲೆಯಲ್ಲೂ ಹಳೆಯ ಹತ್ತು ವರ್ಷಗಳು ಕೂತಿದ್ದವು ಎನ್ನುವುದೂ ಅಷ್ಟೇ ಸಾಬೀತಾಗಿದೆ. ನೀವು ಜಾರಿಕೊಳ್ಳುತ್ತಿದ್ದೀರಿ ಎಂದರು. ಇರಲಿ.

ವರದಿಗಳು ಬರುವುದಕ್ಕೆ ಒಂದು ತಿಂಗಳು ಮುಂಚೆ ನಡೆದ ಇನ್ನೊಂದು ಘಟನೆ ಇದೆ. ನಮ್ಮ ಗುಂಪಿನ ಮಟ್ಟಿಗೆ ಫರ್ಗ್ಯುಸನ್‌ಗಿಂತ ದೊಡ್ಡ ಘಟನೆ. 2015ರ ಫೆಬ್ರುವರಿ 6ರಂದು ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ ಸುರೇಶ್‌ಭಾಯ್ ಪಟೇಲ್ ಎಂಬ 57 ವರ್ಷದವರು ಮಗನ ಮನೆಯ ಹತ್ತಿರ ಬೆಳಗಿನ ವಾಕಿಂಗ್ ಹೋಗಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದು ಸ್ವಲ್ಪ ದಿನವಾಗಿತ್ತು ಅಷ್ಟೇ. ಅಕ್ಕಪಕ್ಕದವರು ಯಾರೋ ಪೊಲೀಸಿಗೆ ಫೋನ್ ಮಾಡಿ, ಒಬ್ಬ ಸಣಕಲು ಕಪ್ಪು ಮನುಷ್ಯ ಗ್ಯಾರೇಜುಗಳನ್ನು ನೋಡುತ್ತಾ ತಿರುಗುತ್ತಿದ್ದಾನೆ ಎಂದರು. ಪೊಲೀಸ್ ಬಂದ. ಪಟೇಲರಿಗೆ ಇಂಗ್ಲಿಷ್ ಬಾರದು. ಪೊಲೀಸ್ ಅವರನ್ನು ಹಿಡಿದು ನೆಲಕ್ಕೆ ಕೆಡವಿದ. ಕತ್ತಿನ ಹತ್ತಿರ ಬೆನ್ನುಮೂಳೆಗೆ ಪೆಟ್ಟಾಗಿ, ಮೈ ಅರ್ಧಂಬರ್ಧ ಸ್ವಾಧೀನ ತಪ್ಪಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಆ ರಾಜ್ಯದ ಗವರ್ನರ್ ಭಾರತ ಸರ್ಕಾರದ ಕ್ಷಮೆ ಕೇಳಿದರು. ಪೊಲೀಸ್ ಮೇಲೆ ಕೇಸು ನಡೆಯಿತು. ಎರಡು ಸಲ ಜ್ಯೂರಿಗೆ ಒಮ್ಮತ ಬರಲಿಲ್ಲ, ಮುಂದಿನ ಜನವರಿಯಲ್ಲಿ ಜಡ್ಜ್ ಅವನನ್ನು ಖುಲಾಸೆ ಮಾಡಿದರು.

ನಮ್ಮಲ್ಲಿ ಯಾರ ಮನೆಯಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿಲ್ಲ ಹೇಳಿ. ಮಂಕಿ ಕ್ಯಾಪು, ಸ್ವೆಟರು, ಮಗನ ಹಳೆಯ ಶೂ. ಬೆಳಗ್ಗೆ ಎದ್ದು ಇಡೀ ಬಡಾವಣೆ ಸುತ್ತು ಹಾಕುವುದು. ಯಾರ ಮನೆ ಮುಂದೆ ಎಷ್ಟು ಕಾರಿದೆ, ಯಾರ ಗಿಡದಲ್ಲಿ ಹೂವಿದೆ ಎಂದು ನಿಂತು ನೋಡುವುದು. ಆ ವಿಡಿಯೋ ನೋಡಿದ ರಾತ್ರಿ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ವಿಳಾಸ, ಫೋನ್ ನಂಬರು ಬರೆದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಅಪ್ಪಂದಿರ ಜೇಬಿಗೆ ಹಾಕೋಣ ಎಂದು ಒಬ್ಬರು ಸಲಹೆ ಕೊಟ್ಟರು. ಪೊಲೀಸ್ ಬಂದರೆ ಯಾವ ಕಾರಣಕ್ಕೂ ಕೈಯನ್ನು ಜೇಬಿಗೆ ಹಾಕಬೇಡಿ ಅಂತ ಹೇಳಿಕೊಡೋಣ ಎಂದು ಇನ್ನೊಬ್ಬರು ಸೇರಿಸಿದರು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಒಬ್ಬ ಮೇಡಂ ಕೇಳಿದಾಗ ಎಲ್ಲರೂ ಸುಮ್ಮನಾದರು. ಆಮೇಲೆ ಚೀಟಿಯನ್ನು ಕೊರಳಿಗೆ ನೇತುಹಾಕುವುದೆಂದು ತೀರ್ಮಾನವಾಯಿತು.

ಅವತ್ತು ಯಾರೂ ಸಾಕ್ಷಿ ಬರಲಿ ಎನ್ನಲಿಲ್ಲ. ವಿಡಿಯೋ ಇತ್ತಲ್ಲ, ಒಪ್ಪೋಣ. "ಪೊಲೀಸ್ ಹೇಳಿದ ಹಾಗೆ ಕೇಳಿದ್ದರೆ ಏನೂ ಆಗುತ್ತಿರಲಿಲ್ಲ" ಎಂದು ಫರ್ಗ್ಯುಸನ್ ಬಗ್ಗೆ ಬರೆದಿದ್ದವರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ನನ್ನನ್ನು ಇವತ್ತಿಗೂ ಕಾಡುವ ಮೆಸೇಜು ಬೇರೆ. "ನಮ್ಮವರನ್ನ ಅವರು ಅಂದ್ಕೊಂಡುಬಿಟ್ರು" ಎಂದು ಒಬ್ಬರು ಬರೆದರು. ಅದಕ್ಕೆ ಹೌದು ಹೌದು ಎಂದು ಸಾಲು ಸಾಲು ಉತ್ತರ. ನಮ್ಮ ದೂರು ಇದ್ದದ್ದು ಗುರುತು ತಪ್ಪಿದ್ದಕ್ಕೆ. ಗುರುತು ಸರಿಯಾಗಿದ್ದು, ನಿಜಕ್ಕೂ ಒಬ್ಬ ಕಪ್ಪು ಮುದುಕ ವಾಕಿಂಗ್ ಹೋಗಿದ್ದರೆ? ಆ ಸುದ್ದಿ ನಮ್ಮ ಗುಂಪಿಗೆ ಬರುತ್ತಲೇ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಜಗಳಕ್ಕೆ ಅಂಕಿ ಅಂಶ ಬಂದವು. ನಮ್ಮಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು, ಅಂಕಿ ಕಂಡರೆ ಉತ್ಸಾಹ. ಪೊಲೀಸ್ ಗುಂಡಿಗೆ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ ಎಂಬ ನೆಟ್ಟಗಿನ ಲೆಕ್ಕವೇ ಅಮೆರಿಕ ಸರ್ಕಾರದ ಹತ್ತಿರ ಇರಲಿಲ್ಲ. 2015ರಿಂದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ತಾನೇ ಎಣಿಸಲು ಶುರುಮಾಡಿತು. ವರ್ಷಕ್ಕೆ ಹೆಚ್ಚುಕಡಿಮೆ ಸಾವಿರ. ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನ ಸಾಯುವ ಪ್ರಮಾಣ ಬಿಳಿಯರ ಎರಡು ಪಟ್ಟಿಗೂ ಹೆಚ್ಚು. 2016ರಲ್ಲಿ ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್, ಸ್ವತಃ ಕಪ್ಪು ಸಮುದಾಯದವರು, ಕೈ ಮಾಡುವುದು, ಬೇಡಿ ಹಾಕುವುದು, ಗೋಡೆಗೆ ಒತ್ತುವುದರಲ್ಲಿ ತಾರತಮ್ಯ ಎದ್ದು ಕಾಣುತ್ತದೆ, ಗುಂಡು ಹಾರಿಸುವುದರಲ್ಲಿ ಕಾಣಲಿಲ್ಲ ಎಂದರು. ಗುಂಪಿನ ಒಂದು ಕಡೆಯವರಿಗೆ ಹಬ್ಬ. ಆದರೆ ಅವರ ಲೆಕ್ಕ ಶುರುವಾಗುವುದು ಪೊಲೀಸ್ ದಾಖಲೆಯಿಂದ, ಅಂದರೆ ಪೊಲೀಸ್ ಯಾರನ್ನೋ ಎದುರಿಸಿದ ಮೇಲೆ. ಯಾರನ್ನು ನಿಲ್ಲಿಸಬೇಕು ಎನ್ನುವುದರಲ್ಲೇ ತಾರತಮ್ಯ ಇದ್ದರೆ ಅದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟ್ಯಾನ್‌ಫರ್ಡಿನವರು ಸುಮಾರು 10 ಕೋಟಿ ವಾಹನ ತಪಾಸಣೆಗಳ ದಾಖಲೆ ಹಿಡಿದು ಇದಕ್ಕೇ ಕೈ ಹಾಕಿದರು. ಸಂಜೆ ಅದೇ ಹೊತ್ತು, ಬೇಸಿಗೆಯಲ್ಲಾದರೆ ಬೆಳಕು, ಚಳಿಗಾಲದಲ್ಲಾದರೆ ಕತ್ತಲು. ಕತ್ತಲಾದಾಗ ಚಾಲಕನ ಮುಖ ಸರಿಯಾಗಿ ಕಾಣುವುದಿಲ್ಲ. ನಿಲ್ಲಿಸಿದವರಲ್ಲಿ ಕಪ್ಪು ಚಾಲಕರ ಪಾಲು ಆಗ ಕಡಿಮೆಯಾಗಿತ್ತು. ನನಗೆ ಈ ಇಡೀ ಚರ್ಚೆಯಲ್ಲಿ ಅತಿ ಚಂದ ಕಂಡ ಪರೀಕ್ಷೆ ಇದು. ಗುಂಪಿಗೆ ಹಾಕಿದೆ. ಎರಡು ಹೆಬ್ಬೆರಳು ಬಂತು.

ಇನ್ನು 2019ರ ಡಿಸೆಂಬರ್ 6. ಹೈದರಾಬಾದಿನ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ನಸುಕಿನಲ್ಲಿ ಘಟನೆ ನಡೆದ ಜಾಗಕ್ಕೆ ಕರೆದೊಯ್ದ ಪೊಲೀಸರು ನಾಲ್ವರನ್ನೂ ಕೊಂದರು. ಬಂದೂಕು ಕಿತ್ತುಕೊಂಡರು, ಅದಕ್ಕೇ ಗುಂಡು ಹಾರಿಸಬೇಕಾಯಿತು ಎಂಬ ವಿವರಣೆ ಬಂತು. ಸ್ಥಳ ಮಹಜರಿಗೆ ಹೋದಾಗ ಆರೋಪಿ ತಿರುಗಿಬಿದ್ದ, ಕಾಲಿಗೆ ಗುಂಡು ಹೊಡೆಯಬೇಕಾಯಿತು ಎಂಬ ಸುದ್ದಿಯನ್ನು ನಮ್ಮ ಬೆಂಗಳೂರಿನ ಪತ್ರಿಕೆಗಳಲ್ಲಿ ಓದಿ ಓದಿ ನಮಗೆಲ್ಲ ಆ ವಾಕ್ಯ ಬಾಯಿಪಾಠ. ಆಗಿನ ಸೈಬರಾಬಾದ್ ಪೊಲೀಸ್ ಕಮಿಷನರ್ ವಿ.ಸಿ. ಸಜ್ಜನರ್ ಹುಬ್ಬಳ್ಳಿಯವರು. ಗುಂಪು ತುಂಬ ಅವರ ಫೋಟೋ, ಹುಲಿಯ ಚಿತ್ರ, ಕನ್ನಡಿಗನಿಗೆ ಸಲಾಂ. ಅತ್ತ ಹೈದರಾಬಾದಿನಲ್ಲಿ ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು.

ಆ ಹೆಣ್ಣುಮಗಳಿಗೆ ಆದದ್ದನ್ನು ಓದಿ ರಕ್ತ ಕುದಿಯದವರು ಯಾರೂ ಇರಲಿಲ್ಲ. ನಾನೂ ಹೊರತಲ್ಲ. ಆದರೆ ಫರ್ಗ್ಯುಸನ್ನಿನಲ್ಲಿ ರಕ್ತದ ಕಲೆ ಎಷ್ಟು ಅಡಿ ದೂರದಲ್ಲಿತ್ತು ಎಂದು ವಾದಿಸಿದ್ದ ಜನ, ಇಷ್ಟು ಪೊಲೀಸರ ಮಧ್ಯೆ ಆ ನಾಲ್ವರ ಕೈಗೆ ಬಂದೂಕು ಹೇಗೆ ಸಿಕ್ಕಿತು ಎಂದು ಒಬ್ಬರೂ ಕೇಳಲಿಲ್ಲ. ಆ ನಾಲ್ವರು ಲಾರಿ ಕೆಲಸದವರು, ಡ್ರೈವರು, ಕ್ಲೀನರು. ಕಾರಿರುವ, ವಕೀಲರಿರುವ ಮನೆಯ ಹುಡುಗರಾಗಿದ್ದರೆ ಅವರನ್ನು ಆ ಜಾಗಕ್ಕೆ ನಸುಕಿನಲ್ಲಿ ಕರೆದೊಯ್ಯುತ್ತಿದ್ದರಾ? ಇದನ್ನು ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳ ನಂತರ ಮಿನಿಯಾಪೊಲಿಸಿನಲ್ಲಿ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಪೊಲೀಸ್ ಮಂಡಿಯೂರಿದಾಗ ಅದೇ ಜನರಲ್ಲಿ ಹಲವರು ಪ್ರೊಫೈಲ್ ಚಿತ್ರ ಕಪ್ಪು ಮಾಡಿಕೊಂಡರು. ಮನಸ್ಸಿನಿಂದಲೇ ಮಾಡಿದ್ದಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ದೂರದ ಪೊಲೀಸಿನ ಪೂರ್ವಗ್ರಹ ನೋಡಲು ನಮಗೆ ಒಳ್ಳೆಯ ಕಣ್ಣಿದೆ.

ಸುಪ್ರೀಂ ಕೋರ್ಟು ನೇಮಿಸಿದ್ದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಗೆ ಬಂತು. ಬಂದೂಕು ಕಿತ್ತುಕೊಂಡ ಕಥೆಯನ್ನು ನಂಬಲಾಗದು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು 18 ತುಂಬದವರು, 10 ಪೊಲೀಸರ ಮೇಲೆ ವಿಚಾರಣೆ ನಡೆಯಬೇಕು ಎಂದಿತು. ಲಿಂಕನ್ನು ಗುಂಪಿಗೆ ಹಾಕಿ, ಸಾರ್‌ಗೆ ಬೇರೆಯಾಗಿಯೂ ಕಳಿಸಿದೆ. ಸಾಕ್ಷಿ ಬರಲಿ ಅಂದಿದ್ದಿರಲ್ಲ, ಬಂದಿದೆ ಎಂದು ಬರೆದೆ.

ಅವರು ಫೋನನ್ನೇ ಮಾಡಿದರು. "ಅದು ಬೇರೆ, ಇದು ಬೇರೆ ಕಣಪ್ಪಾ" ಎಂದರು. ಹೇಗೆ ಬೇರೆ ಸಾರ್ ಎಂದೆ. "ಇಲ್ಲಿ ತಪ್ಪು ಮಾಡಿದವರು ಅವರೇ ಅಂತ ಎಲ್ಲರಿಗೂ ಗೊತ್ತಿತ್ತಲ್ಲ." ಯಾರು ಹೇಳಿದ್ದರಿಂದ ಗೊತ್ತಾಯಿತು ಎಂದು ಕೇಳಿದೆ. ಪೊಲೀಸರು ಹೇಳಿದ್ದರಿಂದ ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕೋರ್ಟಿಗೆ ಬಿಟ್ಟಿದ್ದರೆ ಹತ್ತು ವರ್ಷ ಎಳೆಯುತ್ತಿತ್ತು, ನಿನಗೂ ಗೊತ್ತಿರುವ ವಿಷಯ ಎಂದರು. ಅದು ನಿಜ. ಅದನ್ನು ನಾನು ಒಪ್ಪಿದೆ. ವರದಿ ಓದಿ ಸಾರ್ ಎಂದೆ, ಪ್ರಿಂಟ್ ತೆಗೆದು ಕೊಡು ನೋಡೋಣ, ಫೋನಿನಲ್ಲಿ ಕಣ್ಣು ಹಿಡಿಯೋದಿಲ್ಲ ಎಂದರು. ಕೊಟ್ಟಿದ್ದೇನೆ. ಜೊತೆಗೆ ಫರ್ಗ್ಯುಸನ್ನಿನ ಎರಡೂ ವರದಿಗಳನ್ನು.